ಶಾಲೆಯ ಸರ್ವರಿನಲ್ಲಿ ‘ಅನುಮತಿ ಇಲ್ಲ’: ನಾನು ದೋಷ ಹುಡುಕುವ ಕ್ರಮ

ಕಾಸರಗೋಡು ಕಡೆಯ ಹಲವು ಶಾಲೆಗಳಲ್ಲಿ ಕನ್ನಡ, ಮಲಯಾಳ ವಿಭಾಗಗಳು ಒಂದೇ ಕಟ್ಟಡದಲ್ಲಿವೆ. ಲ್ಯಾಬಿನ ಕಂಪ್ಯೂಟರುಗಳಲ್ಲಿ ಉಬುಂಟು ಆಧಾರಿತ ಕೈಟ್ ಲಿನಕ್ಸ್ ಇರುತ್ತದೆ. ನಾನು ನೋಡಿಕೊಳ್ಳುವ ಕಡೆ ಆಫೀಸಿನಲ್ಲಿ ವಿಂಡೋಸ್, ಎರಡಕ್ಕೂ ನಡುವೆ ಸಾಂಬಾ (ಲಿನಕ್ಸ್ ಫೋಲ್ಡರುಗಳನ್ನು ವಿಂಡೋಸಿಗೂ ತೆರೆದುಕೊಡುವ ತಂತ್ರಾಂಶ) ಹಾಕಿದ ಒಂದು ಸರ್ವರ್. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲ ಅದರಲ್ಲೇ. ಫೈಲ್ ತೆರೆಯದಿದ್ದಾಗ ಫೋಲ್ಡರಿಗೆ 777 (ಓನರ್, ಗ್ರೂಪ್, ಉಳಿದವರು ಎಲ್ಲರಿಗೂ ಪೂರ್ಣ ಹಕ್ಕು) ಕೊಟ್ಟುಬಿಡುವ ಅಭ್ಯಾಸ ಬಹಳ ಮಂದಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಬಂದ ಯಾರು ಬೇಕಾದರೂ ಅಂಕಪಟ್ಟಿಯನ್ನು ಅಳಿಸಬಹುದು. ನಿಜವಾದ ದೋಷವೂ ಅಡಗಿ ಕೂರುತ್ತದೆ.

ಮೊದಲು ನೋಡಬೇಕಾದ್ದು ಸರ್ವರ್ ನಿಮ್ಮನ್ನು ಯಾರೆಂದು ತಿಳಿದಿದೆ ಎಂಬುದನ್ನು. ಸರ್ವರಿನಲ್ಲಿ ಸುಡೋ (ನಿರ್ವಾಹಕರ ಹಕ್ಕು) ಹಾಕಿ ಎಸ್‌ಎಂಬಿಸ್ಟೇಟಸ್ ಓಡಿಸಿದರೆ ಯಾವ ಕಂಪ್ಯೂಟರ್ ಯಾವ ಹೆಸರಿನಲ್ಲಿ ಬಂದಿದೆ ಎಂದು ಕಾಣುತ್ತದೆ. ಅಲ್ಲಿ ಟೀಚರ ಹೆಸರಿನ ಬದಲು ‘ನೋಬಡಿ’ ಎಂದಿದ್ದರೆ ಅವರು ಅತಿಥಿಯಾಗಿ ಒಳಬಂದಿದ್ದಾರೆ. ಉಬುಂಟುವಿನ ಸಾಂಬಾ ಸೆಟ್ಟಿಂಗ್ ಕಡತದಲ್ಲಿ ‘ಮ್ಯಾಪ್ ಟು ಗೆಸ್ಟ್’ ಸಾಲು ‘ಬ್ಯಾಡ್ ಯೂಸರ್’ ಎಂದೇ ಬಂದಿರುತ್ತದೆ. ಯೂಸರ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ದೂರದೆ ಅತಿಥಿ ಮಾಡಿಬಿಡುತ್ತದೆ. ಸಾಂಬಾದ ಪಾಸ್‌ವರ್ಡ್ ಲಿನಕ್ಸಿನದಕ್ಕಿಂತ ಬೇರೆ, ಅದನ್ನು ಎಸ್‌ಎಂಬಿಪಾಸ್‌ವರ್ಡ್ (smbpasswd) ಆಜ್ಞೆಯಿಂದ ಪ್ರತ್ಯೇಕವಾಗಿ ಸೇರಿಸಬೇಕು.

ವಿಂಡೋಸಿನಲ್ಲಿ 1219 ಎಂಬ ದೋಷಸಂಖ್ಯೆ ಬಂದರೆ ಅದೇ ಸರ್ವರಿಗೆ ಬೇರೊಂದು ಹೆಸರಿನ ಸಂಪರ್ಕ ಇನ್ನೂ ತೆರೆದಿದೆ ಎಂದರ್ಥ. ನೆಟ್ ಯೂಸ್ ಆಜ್ಞೆಯಲ್ಲಿ ಹಳೆಯ ಸಂಪರ್ಕ ತೆಗೆದು, ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿದ ಪಾಸ್‌ವರ್ಡನ್ನೂ ಅಳಿಸಿ. ದೋಷ 53 ಆದರೆ ಅನುಮತಿಯ ಮಾತೇ ಅಲ್ಲ, ಸರ್ವರೇ ಸಿಕ್ಕಿಲ್ಲ. ಕೇಬಲ್, ಐಪಿ ನೋಡಿ.

ಹೆಸರು ಸರಿಯಿದ್ದರೆ ಮುಂದಿನದು ದಾರಿ. ಕೊನೆಯ ಫೋಲ್ಡರಿಗೆ ಅನುಮತಿ ಇದ್ದು, ಅದರ ಮೇಲಿನ ಒಂದರಲ್ಲಿ ‘ಎಕ್ಸ್’ (ಒಳಹೋಗುವ ಹಕ್ಕು) ಇಲ್ಲದಿದ್ದರೂ ಬಾಗಿಲು ಮುಚ್ಚಿದಂತೆಯೇ. ನೇಮ್‌ಐ ಆಜ್ಞೆಗೆ ಮೈನಸ್ ಎಲ್ ಕೊಟ್ಟರೆ ಬುಡದಿಂದ ತುದಿವರೆಗಿನ ಪ್ರತಿ ಫೋಲ್ಡರಿನ ಓನರ್, ಗ್ರೂಪ್, ಅನುಮತಿ ಒಂದೇ ಕಡೆ ಸಿಗುತ್ತವೆ.

ನನಗೆ ಅತಿ ಹೆಚ್ಚು ಸಿಗುವ ದೂರು ಬೇರೆ: ಒಬ್ಬ ಟೀಚರ್ ಮಾಡಿದ ಫೈಲನ್ನು ಇನ್ನೊಬ್ಬರು ಓದಬಹುದು, ತಿದ್ದಲಾಗದು. ಕಾರಣ, ಸಾಂಬಾ ತಾನಾಗಿ ಇಟ್ಟುಕೊಳ್ಳುವ ಕ್ರಿಯೇಟ್ ಮಾಸ್ಕ್ (ಹೊಸ ಫೈಲಿಗೆ ಎಷ್ಟು ಹಕ್ಕು ಬರಬಹುದೆಂಬ ಮಿತಿ) 0744. ಗ್ರೂಪಿಗೆ ಬರೆಯುವ ಹಕ್ಕು ಅಲ್ಲೇ ಕತ್ತರಿಸಿಹೋಗುತ್ತದೆ. ಆ ಶೇರಿನಲ್ಲಿ (ಹಂಚಿದ ಫೋಲ್ಡರಿನಲ್ಲಿ) ಕ್ರಿಯೇಟ್ ಮಾಸ್ಕ್, ಫೋರ್ಸ್ ಕ್ರಿಯೇಟ್ ಮೋಡ್ ಎರಡನ್ನೂ 0660, ಡೈರೆಕ್ಟರಿ ಮಾಸ್ಕ್, ಫೋರ್ಸ್ ಡೈರೆಕ್ಟರಿ ಮೋಡ್ ಎರಡನ್ನೂ 2770 ಮಾಡುತ್ತೇನೆ. ಮೊದಲ 2 ಇದ್ದರೆ ಹೊಸ ಫೈಲಿಗೆ ಫೋಲ್ಡರಿನ ಗ್ರೂಪೇ ಬರುತ್ತದೆ. ಇದು ಹೊಸ ಫೈಲುಗಳಿಗೆ ಮಾತ್ರ. ಹಳೆಯವಕ್ಕೆ ಮೊದಲು ಗ್ರೂಪ್ ಬದಲಿಸಿ, ಆಮೇಲೆ ಫೈಂಡ್ ಆಜ್ಞೆಯಿಂದ ಫೋಲ್ಡರುಗಳಿಗೆ 2770, ಫೈಲುಗಳಿಗೆ 660 ಬೇರೆಬೇರೆಯಾಗಿ ಕೊಡಿ.

ಇಷ್ಟಾದ ಮೇಲೂ ಒಂದು ಫೈಲ್ ಮಾತ್ರ ಹಟ ಹಿಡಿದರೆ, ಅದನ್ನು ಸರ್ವರಿನಲ್ಲೇ ಎಂವಿ ಆಜ್ಞೆಯಿಂದ ಹೆಚ್ಚಾಗಿ ಬೇರೆ ಕಡೆಯಿಂದ ತಂದು ಹಾಕಿರುತ್ತಾರೆ. ಜರುಗಿಸಿದ ಫೈಲ್ ಹಳೆಯ ಗ್ರೂಪನ್ನೇ ಹೊತ್ತು ಬರುತ್ತದೆ. ಕಾಪಿ ಮಾಡಿದ್ದು ಹೊಸ ಫೋಲ್ಡರಿನ ಗ್ರೂಪ್ ಪಡೆಯುತ್ತದೆ. ಯೂಸರನ್ನು ಗ್ರೂಪಿಗೆ ಸೇರಿಸುವಾಗ ಯೂಸರ್‌ಮಾಡ್ ಆಜ್ಞೆಗೆ ದೊಡ್ಡ ಜಿಯ ಜೊತೆ ಸಣ್ಣ ಎ ಬಿಟ್ಟರೆ ಅವರ ಉಳಿದ ಹೆಚ್ಚುವರಿ ಗ್ರೂಪುಗಳೆಲ್ಲ ಹೋಗುತ್ತವೆ. ಸೇರಿಸಿದ ನಂತರ ಅವರು ಹೊರಬಂದು ಮತ್ತೆ ಲಾಗಿನ್ ಆಗಬೇಕು.

ಮಕ್ಕಳ ಫೋಲ್ಡರಿಗೆ 3770 ಕೊಡುತ್ತೇನೆ (ಮೊದಲಿನ 2ಕ್ಕೆ ಅಳಿಸದಂತೆ ತಡೆಯುವ 1 ಸೇರಿ 3), ಒಬ್ಬರದನ್ನು ಇನ್ನೊಬ್ಬರು ಅಳಿಸಬಾರದೆಂದು. ಟೀಚರುಗಳ ಫೋಲ್ಡರಿಗೆ ಅದು ಬೇಡ: ವರ್ಡ್ ಉಳಿಸುವಾಗ ತಾತ್ಕಾಲಿಕ ಫೈಲ್ ಮಾಡಿ ಹಳೆಯದರ ಜಾಗಕ್ಕೆ ಹಾಕುತ್ತದೆ, ಹಳೆಯದು ಇನ್ನೊಬ್ಬರದಾದರೆ ಅಲ್ಲೇ ನಿಲ್ಲುತ್ತದೆ.

ಮಳೆಗಾಲದಲ್ಲಿ ಎಲ್ಲರಿಗೂ ಒಟ್ಟಿಗೆ ಬರೆಯಲಾಗದಿದ್ದರೆ ಅನುಮತಿ ಮುಟ್ಟಲೇಬೇಡಿ. ಕರೆಂಟು ಹೋಗಿ ಸರ್ವರ್ ತಟ್ಟನೆ ಆರಿದ್ದರೆ ಡಿಸ್ಕ್ ಓದಲು-ಮಾತ್ರ ಸ್ಥಿತಿಗೆ ಹೋಗಿರಬಹುದು. ಮೌಂಟ್ ಆಜ್ಞೆಯಲ್ಲಿ ‘ಆರ್‌ಒ’ ಕಾಣುತ್ತದೆ. ಡಿಸ್ಕನ್ನು ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ (ಡಿಸ್ಕ್ ಪರೀಕ್ಷಿಸಿ ಸರಿಪಡಿಸುವ ಆಜ್ಞೆ) ಓಡಿಸಬೇಕು. ಲಿಬ್ರೆಆಫೀಸ್ ಒಂದೇ ಒಂದು ಫೈಲನ್ನು ಓದಲು-ಮಾತ್ರ ತೆರೆದರೆ, ಆ ಫೈಲನ್ನು ಬೇರೆ ಯಾರೂ ತೆರೆದಿಲ್ಲವೆಂದು ಖಚಿತಪಡಿಸಿಕೊಂಡು, ಉಳಿದುಹೋದ ‘ಲಾಕ್’ ಫೈಲನ್ನು ಅಳಿಸಿ.

ನಮ್ಮ ಕಡೆಗೇ ವಿಶೇಷವಾದ ಇನ್ನೊಂದಿದೆ. ಇಎಕ್ಸ್‌ಟಿ4 ಡಿಸ್ಕಿನಲ್ಲಿ ಫೈಲಿನ ಹೆಸರು 255 ಬೈಟ್ ದಾಟಬಾರದು. ಕನ್ನಡ, ಮಲಯಾಳದ ಪ್ರತಿ ಸಂಕೇತ 3 ಬೈಟ್, ಒತ್ತು, ಕೊಂಬು, ದೀರ್ಘ ಎಲ್ಲ ಸೇರಿ. ‘ವಿದ್ಯಾರ್ಥಿಗಳ’ ಎಂಬ ಒಂದು ಪದವೇ 36 ಬೈಟ್. ವಿಂಡೋಸಿನ ಡಿಸ್ಕಿನಲ್ಲಿ ಸಲೀಸಾಗಿ ಕೂತ ಉದ್ದ ಹೆಸರು ಸರ್ವರಿಗೆ ಹೋಗುವುದಿಲ್ಲ. ತರಗತಿ, ವಿಭಾಗ, ವರ್ಷವನ್ನು ಫೋಲ್ಡರಿನ ಹೆಸರಿಗೆ ಬಿಟ್ಟು ಫೈಲಿಗೆ ‘ಗಣಿತ ಅಂಕ’ ಎಂದಷ್ಟೇ ಇಟ್ಟು ನೋಡಿ. ಹಾಗೆ ಉಳಿಸಲು ಆದರೆ ದೋಷ ಹೆಸರಿನದೇ.