ಮಂಡಿ ಸವೆತಕ್ಕೆ ಕುರ್ಚಿ, ಕಂಬಳಿ, ಮೂರು ತಿಂಗಳು

ಎಕ್ಸ್‌ರೇಯಲ್ಲಿ ಮಂಡಿಯ ಸಂದು ಕಿರಿದಾಗಿದೆ ಅಂದಕೂಡಲೇ ‘ಇನ್ನು ಜಾಸ್ತಿ ಓಡಾಡಬೇಡಿ’ ಎಂಬ ಮಾತು ಕೇಳಿಕೊಂಡೇ ತೀರ್ಥಹಳ್ಳಿ, ಹೊಸನಗರದ ಕಡೆಯವರು ನನ್ನಲ್ಲಿಗೆ ಬರುತ್ತಾರೆ. ನಾನು ಮಂಡಿಗೆ ಆಸರೆಯಾಗಲೆಂದು ತೊಡೆಗೆ ಕೆಲಸ ಕೊಡುತ್ತೇನೆ. ಸವೆದ ಮಂಡಿಗೆ ಮತ್ತೆ ಭಾರವೇ ಎಂದಿದ್ದ ಫಿಸಿಯೋಥೆರಪಿಯವರೇ ಈಗ ತಮ್ಮ ಮನೆಯವರನ್ನು ಕಳಿಸುತ್ತಿದ್ದಾರೆ.

ಶುರುಮಾಡುವ ಕಾಲ ಮುಖ್ಯ. ಅಡಿಕೆ ಕೊಯ್ಲು ಬಂದು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ನೆಲಕ್ಕೆ ಕೂತವರಿಗೆ ವ್ಯಾಯಾಮ ಹೇಳಿ ಪ್ರಯೋಜನವಿಲ್ಲ. ಶ್ರಾವಣದಲ್ಲಿ ಹಿಡಿದರೆ ದೀಪಾವಳಿಯೊಳಗೆ ಹೆಚ್ಚುಕಡಿಮೆ 12 ವಾರ ಸಿಗುತ್ತದೆ. ತೊಡೆ ಗಟ್ಟಿಯಾಗಲು ಅಷ್ಟು ಬೇಕು.

ಸುಮಾರು 17 ಇಂಚು ಎತ್ತರದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಪ್ಲಾಸ್ಟಿಕ್ಕಿನದು ನುಣ್ಣನೆ ನೆಲದಲ್ಲಿ ಜಾರುತ್ತದೆ. ಕಂಬಳಿ ಮಡಚಿಟ್ಟು ನಾಲ್ಕು ಇಂಚು ಏರಿಸಿ. ಕೈ ಎದೆಗೆ ಕಟ್ಟಿ ಎರಡು ಎಣಿಸುವಷ್ಟರಲ್ಲಿ ಏಳುವುದು, ನಾಲ್ಕು ಎಣಿಸುತ್ತ ಕೂರುವುದು. 8 ಸಲದಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಕೊನೆಯ ಸುತ್ತೂ ಸಲೀಸಾದರೆ ಕಂಬಳಿಯ ಒಂದು ಮಡಿಕೆ ತೆಗೆಯಿರಿ. ಕೆಡುವುದೆಲ್ಲ ಕೂರುವಾಗಲೇ: ಕೊನೆಯ ಎರಡಿಂಚು ಧೊಪ್ಪನೆ ಬೀಳುತ್ತಾರೆ, ಮಂಡಿ ಒಳಕ್ಕೆ ವಾಲುತ್ತದೆ. ತೊಡೆಗೆ ಆ ಎತ್ತರ ಇನ್ನೂ ಹಿಡಿತಕ್ಕೆ ಬಂದಿಲ್ಲ ಎಂದರ್ಥ. ಮಡಿಕೆ ವಾಪಸ್ ಹಾಕಿ. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕಿರಲಿ. ವಾಲುವುದನ್ನು ತಡೆಯಲು ಕೈಯಲ್ಲಿ ಹಿಡಿಯುವ ಒಂದು ಪಟ್ಟು ಇದೆ, ಅದನ್ನು ಎದುರು ಬಂದವರಿಗಷ್ಟೇ ತೋರಿಸುತ್ತೇನೆ.

ನೋವಿಗೆ ಹತ್ತು ಅಂಕ ಇಟ್ಟರೆ ನಾಲ್ಕರವರೆಗೆ ಬಂದರೂ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಇಳಿಯದಿದ್ದರೆ ಒಂದು ಸುತ್ತು ಕಡಿಮೆ ಮಾಡಿ. ಮೂರನೇ ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಬಹಳ. ಗುಣ ಕಾಣುವುದು ಆರೇಳು ವಾರಕ್ಕೆ.

ಮೆಟ್ಟುಗತ್ತಿಯನ್ನು ಬೆಂಚಿಗೆ ಬಿಗಿದು, ಸ್ಟೂಲಿನ ಮೇಲೆ ಕೂರಿಸಿ ಸುಲಿಸಿಯೂ ನೋಡಿದೆ. ಮಂಡಿಗೆ ಹಿತವಾಯಿತು, ಕೈ ನಿಧಾನವಾಯಿತು. ಸುಲಿದಷ್ಟಕ್ಕೇ ಕೂಲಿ, ಹಾಗಾಗಿ ಹೆಂಗಸರು ಒಪ್ಪಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳ ಸುತ್ತುವುದಕ್ಕೆ ಒಪ್ಪಿದರು. ತೊಡೆಯ ವ್ಯಾಯಾಮಕ್ಕೆ ಕಾಲಿಗೆ ಕಟ್ಟುವ ಭಾರ ಅಂಗಡಿಯಲ್ಲಿ ಜೋಡಿಗೆ ಐನೂರರ ಮೇಲೆ. ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದ ಒಂದು ಕೆಜಿ ಮರಳಿನ ಚೀಲ ಸಾಕು. ಒಳಗೆ ಪ್ಲಾಸ್ಟಿಕ್ ಸುತ್ತದಿದ್ದರೆ ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ.

ಮಂಡಿ ಸವೆತಕ್ಕೆಂದು ಮಾರುವ ಗ್ಲೂಕೋಸಮೈನ್ ಮಾತ್ರೆಗೆ ತಿಂಗಳಿಗೆ ಆರೇಳು ನೂರು ಸುರಿಯುವವರಿದ್ದಾರೆ. ಅದಕ್ಕೆ ತಕ್ಕ ಗುಣ ನಾನು ಕಂಡಿಲ್ಲ. ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮು ಮೇಲು, ಅದೇ ಔಷಧದ ನುಂಗುವ ಮಾತ್ರೆಯಷ್ಟು ಹೊಟ್ಟೆ, ಮೂತ್ರಪಿಂಡಕ್ಕೆ ತೊಂದರೆ ಕೊಡುವುದಿಲ್ಲ. ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ತಗ್ಗುತ್ತದೆ.

ತೋಟಕ್ಕೆ ಇಳಿಯುವಾಗ ದೊಣ್ಣೆ ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿರಲಿ. ಮೆಟ್ಟಿಲು ಹತ್ತಲು ಒಳ್ಳೆ ಕಾಲು ಮೊದಲು, ಇಳಿಯಲು ನೋವಿನ ಕಾಲು ಮೊದಲು. ಮಂಡಿ ಬಿಸಿಯಾಗಿ ಊದಿ ಜ್ವರವೂ ಬಂದರೆ ಅದನ್ನು ಸವೆತವೆಂದು ಕೂರಬೇಡಿ, ಅವತ್ತೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ.