ಕಕಮೆಗಾದ ಮಕ್ಕಳ ಮನೆಯಲ್ಲಿ ನಾವು ಕಳೆದ ಒಂದು ವರ್ಷ

2023ನೇ ಇಸವಿಯನ್ನು ನಾವು ಪೂರ್ತಿ ಕೀನ್ಯಾದಲ್ಲಿ ಕಳೆದೆವು. ದೇಶದ ಪಶ್ಚಿಮಕ್ಕೆ ಕಕಮೆಗಾ ಎಂಬ ಕೌಂಟಿ ಇದೆ. ವಿಕ್ಟೋರಿಯಾ ಸರೋವರದ ದಡದ ಕಿಸುಮುವಿನಿಂದ ಸುಮಾರು 50 ಕಿಲೋಮೀಟರ್. ಅಲ್ಲಿನ ಕ್ರೈಸ್ತ ಸಭೆಯೊಂದು ನಡೆಸುವ, ಅನಾಥಾಲಯದಂಥ ಮಕ್ಕಳ ಮನೆಯನ್ನು ನೋಡಿಕೊಳ್ಳುತ್ತಿದ್ದ ದಂಪತಿಗೆ ಒಂದು ವರ್ಷ ರಜೆ ಬೇಕಾಗಿತ್ತು. ಅವರ ಜಾಗಕ್ಕೆ ಹುಬ್ಬಳ್ಳಿಯ ನಮ್ಮ ಸಭೆ ನಮ್ಮನ್ನು ಕಳಿಸಿತು. ನಾನು ಹೈಸ್ಕೂಲ್ ಟೀಚರ್. ನಮ್ಮನೆಯವರು ಕೃಷಿ ಓದಿದವರು. ಮಗಳು ಆಗ ಆರನೇ ಕ್ಲಾಸು, ಮಗ ಎರಡನೇ ಕ್ಲಾಸು. ಇಂಥ ಸೇವೆಗೆ ಹೋಗುವ ಆಸೆ ಇರುವವರು ಸಿಕ್ಕಾಗಲೆಲ್ಲ, ಅಲ್ಲಿ ದಿನಾ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ. ಅದನ್ನೇ ಬರೆಯುತ್ತಿದ್ದೇನೆ. ಮಕ್ಕಳ ಹೆಸರು, ಹಳ್ಳಿಯ ಹೆಸರು ಮಾತ್ರ ಬರೆಯುವುದಿಲ್ಲ. ಅವರ ಕಥೆ ಅವರದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಮನೆ ನಡೆಸುವವರಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ ಮಕ್ಕಳನ್ನು ಅವರವರ ಜನರ ಹತ್ತಿರ ವಾಪಸ್ ಸೇರಿಸುವುದು. ಹೊಟ್ಟೆ, ಬಟ್ಟೆ, ಸ್ಕೂಲು ಎಲ್ಲ ಅಲ್ಲಿಯವರೆಗೆ. ನನಗೆ ಈ ಹಟ ಮನೆಯಿಂದಲೇ ಬಂದದ್ದು. ನನ್ನ ಅಜ್ಜನ ಅಜ್ಜಿ ಧಾತು-ಈಶ್ವರ ಸಂವತ್ಸರದ ಬರದಲ್ಲಿ, ಅಂದರೆ 1876–78ರಲ್ಲಿ, ಮಿಶನ್ನಿನವರಿಗೆ ಸಿಕ್ಕ ಮಗು. ಅವರು ಅವಳನ್ನು ಅನಾಥಾಲಯದಲ್ಲಿಟ್ಟು ಸಾಕಿದರು, ಓದು ಕಲಿಸಿದರು, ಮದುವೆ ಮಾಡಿದರು. ಅವರಿಲ್ಲದಿದ್ದರೆ ನಾವ್ಯಾರೂ ಇರುತ್ತಿರಲಿಲ್ಲ. ಆದರೆ ಅವಳ ಊರು ಯಾವುದು, ಒಡಹುಟ್ಟಿದವರು ಇದ್ದರಾ ಇಲ್ವಾ, ಯಾರಿಗೂ ಗೊತ್ತಾಗಲೇ ಇಲ್ಲ. ಮುದುಕಿಯಾದ ಮೇಲೂ ಸಂತೆಗೆ ಹೋದರೆ ತನ್ನ ಮುಖ ಹೋಲುವವರು ಯಾರಾದರೂ ಇದ್ದಾರಾ ಅಂತ ನೋಡುತ್ತಿದ್ದಳಂತೆ.

ಹೊರಡುವ ಮುಂಚೆ ಕಾಗದಪತ್ರಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ಧಾರ್ಮಿಕ ಮತ್ತು ಸೇವಾ ಕೆಲಸಕ್ಕೆ ಹೋಗುವವರಿಗೆ ಕೀನ್ಯಾದಲ್ಲಿ 'ಕ್ಲಾಸ್ ಐ' ಪರ್ಮಿಟ್ ಇದೆ. ದಯವಿಟ್ಟು ಅದನ್ನು ತೆಗೆದುಕೊಂಡೇ ಹೋಗಿ. ಟೂರಿಸ್ಟ್ ಆಗಿ ಹೋಗಿ ಮಕ್ಕಳ ನಡುವೆ ಕೆಲಸ ಮಾಡುವುದು ಸರಿಯಲ್ಲ. ಪೊಲೀಸ್ ಕ್ಲಿಯರೆನ್ಸ್ ಬೇಕು. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ಆ ಕಾರ್ಡನ್ನು ಜೋಪಾನವಾಗಿಡಿ, ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೂ ಕೇಳುತ್ತಾರೆ.

ಅಲ್ಲಿನ ಕಾನೂನೂ ಗೊತ್ತಿರಬೇಕು. 2017ರ ನವೆಂಬರ್‌ನಲ್ಲಿ ಕೀನ್ಯಾ ಸರ್ಕಾರ ಹೊಸ ಮಕ್ಕಳ ಮನೆಗಳ ನೋಂದಣಿಯನ್ನೇ ನಿಲ್ಲಿಸಿತು. 2022ರಲ್ಲಿ ಹೊಸ ಮಕ್ಕಳ ಕಾಯ್ದೆ ಬಂತು. ಅದೇ ವರ್ಷ 2032ರವರೆಗಿನ ಹತ್ತು ವರ್ಷದ ಯೋಜನೆಯೂ ಬಂತು. ಸಂಸ್ಥೆಗಳಲ್ಲಿರುವ ಮಕ್ಕಳನ್ನು ಸ್ವಂತ ಕುಟುಂಬಕ್ಕೆ, ಅದಾಗದಿದ್ದರೆ ಬೇರೆ ಕುಟುಂಬಕ್ಕೆ ಸೇರಿಸಬೇಕು ಅನ್ನುವುದು ಅದರ ಗುರಿ. ಇದನ್ನು ಕೇಳಿ ಕೆಲವರು ಸಿಟ್ಟಾಗಿದ್ದರು. ನಮಗೆ ಮಾತ್ರ ಖುಷಿಯಾಯಿತು.

ಈಗ ಅಡುಗೆಮನೆ. ಮೂವತ್ತರ ಹತ್ತಿರ ಮಕ್ಕಳಿದ್ದರು. ಬೆಳಗ್ಗೆ ಐದಕ್ಕೆ ಒಲೆ ಹಚ್ಚುತ್ತಿದ್ದೆವು. ಮೊದಲು ಉಜಿ, ಅಂದರೆ ಗಂಜಿ. ಅಲ್ಲಿ ರಾಗಿಗೆ ವಿಂಬಿ ಅನ್ನುತ್ತಾರೆ. ಸಾವಿರಾರು ವರ್ಷದ ಹಿಂದೆ ರಾಗಿ ನಮ್ಮ ದೇಶಕ್ಕೆ ಬಂದದ್ದೇ ಪೂರ್ವ ಆಫ್ರಿಕಾದ ಕಡೆಯಿಂದ. ಅದಕ್ಕೇ ಇರಬೇಕು, ನಮ್ಮ ಮಗ ಮೊದಲ ದಿನದಿಂದಲೇ ಅದನ್ನು ಕೇಳಿ ಕೇಳಿ ಹಾಕಿಸಿಕೊಂಡು ಕುಡಿದ.

ಮಧ್ಯಾಹ್ನ ಗೋವಿನಜೋಳದ ಕಾಳು, ಅಲಸಂದೆ ಅಥವಾ ಬೀನ್ಸ್ ಕಾಳು ಸೇರಿಸಿ ಬೇಯಿಸಿದ ಗಿಥೇರಿ. ರಾತ್ರಿ ಉಗಾಲಿ, ಅಂದರೆ ಗೋವಿನಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸುಕುಮಾ ವಿಕಿ ಸೊಪ್ಪು. ಉಗಾಲಿ ಮಾಡುವುದನ್ನು ನಾನು ಅಡುಗೆಯಾಕೆಯ ಪಕ್ಕದಲ್ಲಿ ನಿಂತು ಕಲಿತೆ. ಸುಫುರಿಯಾ ಎಂಬ ದೊಡ್ಡ ಪಾತ್ರೆಯಲ್ಲಿ ನೀರು ಮರಳಬೇಕು. ಹಿಟ್ಟನ್ನು ಎರಡು ಮೂರು ಸಲ ಸುರಿಯಬೇಕು. ಗಟ್ಟಿಯಾಗುತ್ತಾ ಬಂದ ಹಾಗೆ ಮ್ವಿಕೊ ಎಂಬ ಮರದ ಸೌಟು ಕೈಗೆ ಬಗ್ಗುವುದಿಲ್ಲ. ಆಕೆ ಎರಡೂ ಕೈಯಲ್ಲಿ ಸೌಟು ಹಿಡಿದು, ಹಿಟ್ಟನ್ನು ಪಾತ್ರೆಯ ಪಕ್ಕೆಗೆ ಒತ್ತಿ ಗಂಟು ಒಡೆಯುತ್ತಿದ್ದರು. ಆಮೇಲೆ ಅಂಚಿನಿಂದ ನಡುವಿಗೆ ಮಗುಚುತ್ತಿದ್ದರು. ಹಸಿ ವಾಸನೆ ಹೋಗಿ ಹುರಿದ ವಾಸನೆ ಬಂದರೆ ಆಯಿತು. ತಳ ಹಿಡಿದ ಚಕ್ಕೆಗೆ ಮಕ್ಕಳು ಸರದಿ ಮಾಡಿಕೊಂಡಿದ್ದರು. ಮುದ್ದೆ ಮಾಡಿ ಗೊತ್ತಿದ್ದವರಿಗೆ ಇದು ಬೇಗ ಹಿಡಿತಕ್ಕೆ ಬರುತ್ತದೆ.

ಆ ವರ್ಷ ಅಲ್ಲಿ ಬೆಲೆ ಏರಿ ಜನ ಬೀದಿಗಿಳಿದಿದ್ದರು. 2 ಕಿಲೋ ಹಿಟ್ಟಿನ ಪ್ಯಾಕೆಟ್ ಸುಮಾರು 200 ಶಿಲಿಂಗ್. ಪ್ಯಾಕೆಟ್ ಕೊಂಡು ಅಷ್ಟು ಮಕ್ಕಳ ಹೊಟ್ಟೆ ತುಂಬಿಸಲು ಆಗುವುದಿಲ್ಲ. ಸುಗ್ಗಿಯಲ್ಲಿ 90 ಕಿಲೋದ ಚೀಲಗಳಲ್ಲಿ ಕಾಳು ಕೊಂಡು, ಹಳ್ಳಿಯ ಗಿರಣಿಯಲ್ಲಿ ಬೀಸಿಸಿದೆವು. ಕಕಮೆಗಾದಲ್ಲಿ ಮಳೆ ಜಾಸ್ತಿ, ಹೆಚ್ಚಿನ ದಿನ ಮಧ್ಯಾಹ್ನ ಸುರಿಯುತ್ತದೆ. ಕಾಳು ಒಣಗುವುದೇ ಕಷ್ಟ. ಒಣಗದ ಕಾಳಿಗೆ ಬೂಷ್ಟು ಹಿಡಿದರೆ ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 2004ರಲ್ಲಿ ಪೂರ್ವ ಕೀನ್ಯಾದಲ್ಲಿ ಅಂಥ ಗೋವಿನಜೋಳ ತಿಂದು 125 ಜನ ಸತ್ತಿದ್ದರು. ಹಾಗಾಗಿ ನಮ್ಮನೆಯವರು ಪ್ರತಿ ಚೀಲವನ್ನೂ ಪರೀಕ್ಷೆ ಮಾಡಿಯೇ ಒಳಗಿಡುತ್ತಿದ್ದರು. ಒಣಗಿದ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಒಂದೆರಡು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ಸ್ವಲ್ಪ ಹೊತ್ತು ಬಿಡುವುದು. ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳಿನಲ್ಲಿ ಇನ್ನೂ ನೀರಿದೆ. ಮತ್ತೆ ಬಿಸಿಲಿಗೆ ಹಾಕಬೇಕು. ದೊಡ್ಡ ಹುಡುಗರು ಈ ಪರೀಕ್ಷೆಯನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಅಕ್ಕಪಕ್ಕದ ರೈತರು ಅವರನ್ನೇ ಕರೆಯುವಂತಾಯಿತು.

ಇನ್ನೊಂದು ದೊಡ್ಡ ಕೆಲಸ ಮಲೇರಿಯಾ. ಸರೋವರದ ಸುತ್ತಲಿನ ಈ ಭಾಗದಲ್ಲಿ ಅದು ವರ್ಷವಿಡೀ ಇರುತ್ತದೆ. ರಾತ್ರಿ ದೀಪ ಆರಿಸುವ ಮುಂಚೆ ಎಲ್ಲರ ಸೊಳ್ಳೆ ಪರದೆ ಹಾಸಿಗೆಯ ಕೆಳಗೆ ಸಿಕ್ಕಿಸಿದೆಯಾ ಅಂತ ನೋಡುವುದು ನನ್ನ ಪಾಲಿನ ಕೆಲಸ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ಬೆರಳು ಚುಚ್ಚಿ ಒಂದು ಹನಿ ಸಾಕು, ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ. ಮಾತ್ರೆ ಮೂರು ದಿನ, ಒಟ್ಟು ಆರು ಸಲ. ಎರಡನೇ ದಿನಕ್ಕೇ ಜ್ವರ ಬಿಡುತ್ತದೆ, ಮಗು ಆಟಕ್ಕೆ ಓಡುತ್ತದೆ. ಆಗಲೇ ಉಳಿದ ಮಾತ್ರೆ ಮರೆತುಹೋಗುವುದು. ಅದಕ್ಕೆ ಗೋಡೆಗೆ ಒಂದು ಹಾಳೆ ಅಂಟಿಸಿ, ಪ್ರತಿ ಮಾತ್ರೆಗೂ ಮಗುವಿನಿಂದಲೇ ಗುರುತು ಹಾಕಿಸುತ್ತಿದ್ದೆವು. ಮೇ ತಿಂಗಳ ಮಳೆಯಲ್ಲಿ ನಮ್ಮ ಮಗಳಿಗೂ ಜ್ವರ ಬಂತು. ಆ ಮೂರು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ದೊಡ್ಡ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅವಳ ಕಾಲು ಹತ್ತಿರ ಕೂತು ಹಾಡಿ ಹೋಗುತ್ತಿದ್ದರು. ಆ ಕಡೆಯ ಲೂಹ್ಯಾ ಜನರ ಮಕ್ಕಳಿಗೆ ಹಾಡು ಹುಟ್ಟಿನಿಂದಲೇ ಬಂದಿರುತ್ತದೆ.

ನಮ್ಮ ಮಕ್ಕಳು ಅದೇ ಊಟ ಉಂಡರು, ಅದೇ ಸರ್ಕಾರಿ ಶಾಲೆಗೆ ಹೋದರು. ಆದರೆ ಸಂಜೆ ಒಂದು ಗಂಟೆ ಬಾಗಿಲು ಹಾಕಿಕೊಂಡು ನಾವು ನಾಲ್ವರೇ ಇರುತ್ತಿದ್ದೆವು. ಕನ್ನಡ ಓದುವುದು, ಜಗಳ ಬಿಡಿಸುವುದು, ಎಲ್ಲ ಆಗಲೇ. ಇದನ್ನು ಬಿಡಬೇಡಿ. ಇಲ್ಲವಾದರೆ ನಿಮ್ಮ ಮಕ್ಕಳು ಇದ್ದೂ ಅಪ್ಪ ಅಮ್ಮ ಇಲ್ಲದವರಾಗುತ್ತಾರೆ.

ರಜೆಯಲ್ಲಿ ಎರಡು ವಾರಕ್ಕೆ ಬಂದು ಮಕ್ಕಳನ್ನು ಎತ್ತಿ ಆಡಿಸಿ ಹೋಗುವವರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮಗು ಹಚ್ಚಿಕೊಳ್ಳುತ್ತದೆ, ಅವರು ಹೊರಟುಹೋಗುತ್ತಾರೆ. ಮತ್ತೊಂದು ಗುಂಪು ಬರುತ್ತದೆ. ಹೀಗೆ ಹತ್ತು ಸಲ ಆದ ಮಗು ಯಾರು ಸಿಕ್ಕರೂ ಓಡಿಹೋಗಿ ತೊಡೆಯೇರುತ್ತದೆ. ನೋಡುವವರಿಗೆ ಅದು ಪ್ರೀತಿ ಅನ್ನಿಸುತ್ತದೆ, ನನಗೆ ಮಾತ್ರ ಭಯವಾಗುತ್ತಿತ್ತು. ಬಂದವರಿಗೆ ನಾವು ಶಾಂಬಾದಲ್ಲಿ, ಅಂದರೆ ಹೊಲದಲ್ಲಿ, ಕೆಲಸ ಕೊಟ್ಟೆವು. ಮಕ್ಕಳ ಫೋಟೋ ತೆಗೆಯಲು ಬಿಡಲಿಲ್ಲ. ಮಕ್ಕಳನ್ನು ಮಲಗಿಸುವುದು, ಸ್ನಾನ ಮಾಡಿಸುವುದು ವರ್ಷಾನುಗಟ್ಟಲೆ ಅಲ್ಲೇ ಇರುವ ಮಾಮಾಗಳ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರ, ಕೆಲಸ. ನಮಗಿಂತ ಅವರೇ ಮುಖ್ಯ. ಅವರ ಸಂಬಳ ತಿಂಗಳ ಮೊದಲ ದಿನವೇ ಎಂ-ಪೆಸಾದಲ್ಲಿ, ಅಂದರೆ ಮೊಬೈಲಿನಲ್ಲಿ ಹಣ ಕಳಿಸುವ ವ್ಯವಸ್ಥೆಯಲ್ಲಿ, ಹೋಗಬೇಕು ಅನ್ನುವುದನ್ನು ನಾವು ಒಂದು ತಿಂಗಳೂ ತಪ್ಪಿಸಲಿಲ್ಲ.

ಆ ಏಪ್ರಿಲ್‌ನಲ್ಲಿ ಕರಾವಳಿಯ ಶಕಹೋಲ ಕಾಡಿನಲ್ಲಿ ಹೂತಿದ್ದ ಹೆಣಗಳು ಸಿಗತೊಡಗಿದವು. ಒಂದು ಪಂಥವನ್ನು ನಂಬಿ ಊಟ ಬಿಟ್ಟವರು ಅವರು. ಕೊನೆಗೆ ನಾನ್ನೂರಕ್ಕೂ ಹೆಚ್ಚು ಹೆಣ ಸಿಕ್ಕವು, ಮಕ್ಕಳೂ ಇದ್ದರು. ದೇವರ ಹೆಸರು ಹೇಳುವವರನ್ನೆಲ್ಲ ಜನ ಅನುಮಾನದಿಂದ ನೋಡುವ ಕಾಲ. ನೋಡಲೇಬೇಕು. ನಾವು ಗೇಟು ತೆರೆದೇ ಇಟ್ಟೆವು. ಹಳ್ಳಿಯ ಹಿರಿಯರು ಯಾವಾಗ ಬೇಕಾದರೂ ಬಂದು ಮಕ್ಕಳ ಜೊತೆ ನಾವಿಲ್ಲದೆ ಮಾತಾಡಬಹುದು ಅಂದೆವು. ಸಂಜೆ ಪ್ರಾರ್ಥನೆಗೆ ಬಾರದ ಮಗುವಿಗೆ ಊಟ ಕಡಿಮೆ, ಪ್ರೀತಿ ಕಡಿಮೆ ಅನ್ನುವುದು ನಮ್ಮಲ್ಲಿ ಇರಲಿಲ್ಲ. 68ನೆಯ ಕೀರ್ತನೆಯಲ್ಲಿ ದೇವರು ಒಂಟಿಯಾದವರನ್ನು ಸಂಸಾರದೊಳಗೆ ಸೇರಿಸುತ್ತಾನೆ ಎಂಬ ಮಾತಿದೆ. ಆ ವರ್ಷ ನಾನು ಹೆಚ್ಚು ಓದಿದ್ದು ಅದನ್ನೇ.

ಇನ್ನು ಫೈಲುಗಳ ವಿಷಯ. ಪ್ರತಿ ಮಗುವಿಗೂ ಒಂದು ಫೈಲು ಇತ್ತು. ಕೂತು ಓದಿದರೆ, ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಕ್ಕಳು ಕೆಲವರೇ. ಹೆಚ್ಚಿನವರಿಗೆ ಅಮ್ಮನೋ, ಅಜ್ಜಿಯೋ, ಚಿಕ್ಕಪ್ಪನೋ ಎಲ್ಲೋ ಇದ್ದರು. ಬಡತನ, ಕಾಯಿಲೆ, ಅಮ್ಮನ ಎರಡನೇ ಮದುವೆ, ಯೂನಿಫಾರ್ಮಿಗೆ ದುಡ್ಡಿಲ್ಲ, ಇಂಥ ಕಾರಣಕ್ಕೆ ಬಂದವರು. ಕೀನ್ಯಾದಲ್ಲಿ 2003ರಿಂದ ಪ್ರೈಮರಿ ಶಾಲೆಗೆ ಫೀಸಿಲ್ಲ. ಆದರೂ ಯೂನಿಫಾರ್ಮು, ಪುಸ್ತಕ, ಮಧ್ಯಾಹ್ನದ ಊಟದ ಖರ್ಚು ಬಡವರ ಕುತ್ತಿಗೆಗೆ ಬರುತ್ತದೆ.

ಒಬ್ಬ ಅಕ್ಕ, ಒಬ್ಬ ತಮ್ಮ. ಅವಳಿಗೆ ಹನ್ನೊಂದು, ಅವನಿಗೆ ಏಳು. ಫೈಲಿನಲ್ಲಿದ್ದದ್ದು: ಅಪ್ಪ ಸತ್ತಿದ್ದಾನೆ, ಅಮ್ಮ ಎಲ್ಲಿದ್ದಾಳೋ ಗೊತ್ತಿಲ್ಲ, ಅಜ್ಜಿಗೆ ವಯಸ್ಸಾಗಿದೆ. ನಮ್ಮ ಸೋಶಿಯಲ್ ವರ್ಕರ್ ಅಲ್ಲಿಯ ಮಣ್ಣಿನ ಮಗ, ತುಂಬಾ ತಾಳ್ಮೆಯವರು. ಹುಡುಗಿಗೆ ಕಾಗದ, ಬಣ್ಣ ಕೊಟ್ಟು ಮನೆಗೆ ಹೋಗುವ ದಾರಿ ಬರೆ ಅಂದರು. ಅವಳು ಗಿರಣಿ ಬರೆದಳು, ನೀಲಿ ಬಾಗಿಲಿನ ಚರ್ಚು ಬರೆದಳು, ದೊಡ್ಡ ಬಂಡೆ, ಹಳ್ಳ, ಆಮೇಲೆ ಬಾಳೆಗಿಡಗಳ ಮಧ್ಯೆ ಒಂದು ಸಮಾಧಿ. ಆ ಚಿತ್ರ ಹಿಡಿದುಕೊಂಡು ಅವರು ಚೀಫ್ ಎಂಬ ಸ್ಥಳೀಯ ಸರ್ಕಾರಿ ಅಧಿಕಾರಿಯ ಕಚೇರಿಗೆ, ಅಲ್ಲಿಂದ ಅಸಿಸ್ಟೆಂಟ್ ಚೀಫ್ ಹತ್ತಿರ, ಅಲ್ಲಿಂದ ಹಳ್ಳಿಯ ಹಿರಿಯರ ಹತ್ತಿರ ಹೋದರು. ಮನೆ ಸಿಕ್ಕಿತು.

ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋಗಬಾರದು. ಮನೆಯವರು ಬೇಡ ಅಂದರೆ ಮಗು ಅದನ್ನು ಕಣ್ಣಾರೆ ನೋಡಬಾರದು, ಅಲ್ವಾ? ಬೋಡಾ ಬೋಡಾ ಎಂಬ ಬಾಡಿಗೆ ಬೈಕುಗಳಲ್ಲಿ ಕೆಂಪು ಕೆಸರು ದಾಟಿ ನಾವೇ ಹೋದೆವು. ಮಣ್ಣಿನ ಗೋಡೆ, ತಗಡಿನ ಮಾಡು, ಅಂಗಳದಲ್ಲಿ ಆ ಮಕ್ಕಳ ಅಪ್ಪನ ಸಮಾಧಿ. ಅಲ್ಲಿ ಸತ್ತವರನ್ನು ಮನೆಯ ಜಾಗದಲ್ಲೇ ಮಣ್ಣು ಮಾಡುತ್ತಾರೆ. ಅಜ್ಜಿ ಮೊದಲು ಕೇಳಿದ್ದು, ಹುಡುಗನಿಗೆ ಹಲ್ಲು ಬಂದವಾ ಅಂತ. ಪಕ್ಕದಲ್ಲೇ ಚಿಕ್ಕಪ್ಪ, ಚಿಕ್ಕಮ್ಮ ಇದ್ದರು. ನಮ್ಮ ನಾಲ್ಕು ಮಕ್ಕಳ ಜೊತೆ ಇನ್ನಿಬ್ಬರು ಇರಲಿ, ಆದರೆ ಮಾಡು ಸೋರುತ್ತದೆ ಅಂದರು ಚಿಕ್ಕಮ್ಮ. ಹಳ್ಳಿಯ ಹಿರಿಯರು ಇನ್ನೊಂದು ಮಾತು ಹೇಳಿದರು. ಹುಡುಗ ಊರಿಗೆ ಬಾರದೆ ಹೋದರೆ ಅಪ್ಪನ ಜಮೀನಿನಲ್ಲಿ ಅವನ ಪಾಲು ಕೇಳುವವರು ಯಾರೂ ಇರುವುದಿಲ್ಲ. ದೊಡ್ಡವನಾದ ಮೇಲೆ ಅವನು ಎಲ್ಲಿ ನಿಲ್ಲಬೇಕು?

ತಗಡು ಹಾಕಿಸಿದೆವು. ಹಾಸಿಗೆ, ಸೊಳ್ಳೆ ಪರದೆ, ಎರಡು ಆಡು ಕೊಟ್ಟೆವು. ಶಾಲೆಯ ಖರ್ಚನ್ನು ಶಾಲೆಗೇ ಕಟ್ಟುವ ಏರ್ಪಾಡಾಯಿತು. ಇಷ್ಟೆಲ್ಲ ಸೇರಿಸಿದರೂ ಆ ಇಬ್ಬರನ್ನು ನಮ್ಮಲ್ಲಿ ಒಂದು ವರ್ಷ ಇಟ್ಟುಕೊಳ್ಳುವ ಖರ್ಚಿಗಿಂತ ಕಡಿಮೆ. ಏಪ್ರಿಲ್ ರಜೆಯಲ್ಲಿ ಎರಡು ರಾತ್ರಿಗೆ ಕಳಿಸಿದೆವು. ಹುಡುಗ ಹಾಸಿಗೆ ಒದ್ದೆ ಮಾಡಿಕೊಂಡು ಅತ್ತನಂತೆ. ಅಜ್ಜಿಗೆ ಊರಿನ ಭಾಷೆ ಬಿಟ್ಟು ಬೇರೆ ಬರದು, ಹುಡುಗನಿಗೆ ಸ್ವಾಹಿಲಿ ಬಿಟ್ಟು ಬೇರೆ ಬರದು. ಮಧ್ಯೆ ಅಕ್ಕ ಕೂತು ಇಬ್ಬರಿಗೂ ಹೇಳುತ್ತಿದ್ದಳು. ಆಗಸ್ಟ್ ರಜೆ ಪೂರ್ತಿ ಅಲ್ಲೇ ಇದ್ದರು. ವಾಪಸ್ ಬರುವ ಹೊತ್ತಿಗೆ ಹುಡುಗ ಅಜ್ಜಿಯ ಭಾಷೆಯಲ್ಲಿ ಆಡುಗಳನ್ನು ಬೈಯುತ್ತಿದ್ದ. ಆಮೇಲೆ ಮಕ್ಕಳ ಅಧಿಕಾರಿಯ ವರದಿ, ಕೋರ್ಟಿನ ಆದೇಶ. ವರ್ಷದ ಕೊನೆಯ ರಜೆಗೆ ಟ್ರಂಕು ಸಮೇತ ಮನೆಗೆ ಹೋದರು. ಅವತ್ತು ಅಜ್ಜಿ ಕೋಳಿ ಕೊಯ್ದರು. ಲೂಹ್ಯಾ ಮನೆಗಳಲ್ಲಿ ಕೋಳಿಯ ಗುಂಡಿಕಾಯಿ ಮನೆಯ ಗಂಡಸಿಗೆ ಮೀಸಲು. ಅಜ್ಜಿ ಅದನ್ನು ತೆಗೆದು ಮೊಮ್ಮಗನ ತಟ್ಟೆಗೆ ಹಾಕಿದರು.

ಮಕ್ಕಳು ಕಡಿಮೆಯಾದರೆ ದೇಣಿಗೆಯೂ ಕಡಿಮೆಯಾಗುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ತುಂಬಿದ ಹಾಸಿಗೆಗಳ ಫೋಟೋಗೆ ಬರುವ ದುಡ್ಡು ಖಾಲಿ ಹಾಸಿಗೆಗೆ ಬರುವುದಿಲ್ಲ. ನಾವು ನಮ್ಮ ಸಭೆಗೆ ಪ್ರತಿ ತಿಂಗಳು ಲೆಕ್ಕ ಬರೆದು ಕಳಿಸಿದೆವು. ಮನೆಗೆ ಹೋದ ಮಕ್ಕಳಿಗೂ ಅಷ್ಟೇ ಹಣ ಬೇಕು ಅಂತ ನೇರವಾಗಿ ಕೇಳಿದೆವು. ನಮ್ಮ ಸಭೆಯವರು ಇಲ್ಲ ಅನ್ನಲಿಲ್ಲ. ಒಂದು ಡಾರ್ಮಿಟರಿ ಖಾಲಿಯಾಯಿತು. ಅಲ್ಲಿ ಈಗ ಹಳ್ಳಿಯ ಮಕ್ಕಳು ಸಂಜೆ ಬಂದು ಓದಿಕೊಂಡು, ಉಜಿ ಕುಡಿದು, ರಾತ್ರಿ ಮಲಗಲು ತಮ್ಮ ತಮ್ಮ ಮನೆಗೆ ಹೋಗುತ್ತಾರೆ.

ಎಲ್ಲರನ್ನೂ ಕಳಿಸಲು ಆಗುವುದಿಲ್ಲ. ಹೊಡೆತ ತಿಂದು ಬಂದ ಮಕ್ಕಳಿದ್ದರು, ಅವರನ್ನು ಅದೇ ಮನೆಗೆ ಕಳಿಸುವ ಮಾತೇ ಇಲ್ಲ. ಅಂಥವರಿಗೆ ಸಾಕು ಕುಟುಂಬ ಹುಡುಕುವ ಕೆಲಸವನ್ನು ಮಕ್ಕಳ ಇಲಾಖೆಯ ಜೊತೆ ಶುರು ಮಾಡಿದ್ದೆವು. ಡಿಸೆಂಬರ್‌ನಲ್ಲಿ ಆ ದಂಪತಿ ವಾಪಸ್ ಬಂದರು. ಫೈಲುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಯಾವ ಮಗುವಿನ ಕೆಲಸ ಎಲ್ಲಿಗೆ ಬಂದಿದೆ ಅಂತ ಹೇಳಿ ಒಪ್ಪಿಸಿದೆವು. ಇಬ್ಬರು ಹುಡುಗರ ಸೋದರಮಾವ ಬುಸಿಯಾ ಕಡೆ ಇದ್ದಾರೆ ಎಂಬ ಸುಳಿವು ಕೊನೆಯ ವಾರ ಸಿಕ್ಕಿತ್ತು. ಅವರನ್ನು ನೋಡಲು ಏಪ್ರಿಲ್ ರಜೆಗೆ ಮುಂಚೆ ಹೋಗಬೇಕು ಅಂತ ಆ ಫೈಲಿನ ಮೇಲೆ ಬರೆದಿಟ್ಟು ಬಂದೆವು.