ಒಂದು ಕಂತಿಗೆ ಒಂದೇ ಬದಲಾವಣೆ

ವಿಮರ್ಶೆ ಚಾನೆಲ್‌ಗಳಿಗೂ ವೆಬ್ ಸರಣಿಗಳಿಗೂ ಎಡಿಟಿಂಗ್ ಮಾಡುವುದು ನನ್ನ ಕೆಲಸ. ಹೊಸಬರು ಬಂದು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕು ಅಂತ. ಕ್ಯಾಮೆರಾ ಆಮೇಲೆ, ಮೊದಲು ಮೈಕ್ ಅನ್ನುತ್ತೇನೆ. ಚಿತ್ರ ಕೊಂಚ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಗುಂಯ್‌ಗುಟ್ಟಿದರೆ ಎದ್ದುಹೋಗುತ್ತಾರೆ. ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗಿರಲಿ, ಗೋಡೆಗೆ ದಪ್ಪ ಬಟ್ಟೆ ಇಳಿಬಿಡಿ, ಎಷ್ಟೇ ಗಟ್ಟಿಯಾಗಿ ಮಾತಾಡಿದರೂ ರೆಕಾರ್ಡಿಂಗಿನಲ್ಲಿ ಧ್ವನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ಇಷ್ಟಾದರೆ ಧ್ವನಿಯ ಚಿಂತೆ ಬಹುಪಾಲು ಮುಗಿಯಿತು.

ಇನ್ನು ಸುಧಾರಣೆ. ಒಂದು ಕಂತಿಗೆ ಒಂದನ್ನೇ ಬದಲಿಸಿ. ಲೈಟು, ಸಂಗೀತ, ಶುರುವಿನ ಮಾತು, ಉದ್ದ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತು ಅಂತ ತಿಳಿಯುವುದು ಹೇಗೆ? ಏನು ಬದಲಿಸಿದಿರಿ ಅನ್ನುವುದನ್ನು ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ.

ಫಲಿತಾಂಶಕ್ಕೆ ಯೂಟ್ಯೂಬ್ ಸ್ಟುಡಿಯೊದ (ಚಾನೆಲ್ ನಡೆಸುವವರ ಲೆಕ್ಕಪತ್ರದ ಪುಟ) ರಿಟೆನ್ಷನ್ ಗ್ರಾಫ್ ನೋಡಿ, ಅಂದರೆ ವಿಡಿಯೊದ ಯಾವ ಕ್ಷಣದಲ್ಲಿ ಎಷ್ಟು ಪಾಲು ಜನ ನೋಡುತ್ತಿದ್ದರು ಅಂತ ತೋರಿಸುವ ಗೆರೆ. ವೀಕ್ಷಣೆಯ ಸಂಖ್ಯೆಗಿಂತ ನನಗೆ ಇದರ ಮೇಲೇ ನಂಬಿಕೆ. ಮೊದಲ 30 ಸೆಕೆಂಡಿನಲ್ಲೇ ಗೆರೆ ಧಡಾರನೆ ಕುಸಿದಿದ್ದರೆ ನಿಮ್ಮ ಲೋಗೊ, ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ ಅನ್ನುವ ಗೋಗರೆತ ಇವುಗಳ ಮೇಲೆ ಅನುಮಾನಪಡಿ. ನಡುವೆ ಗುಂಡಿ ಬಿದ್ದಿದ್ದರೆ ಜನ ಆ ಭಾಗವನ್ನು ಹಾರಿಸಿದ್ದಾರೆ; ವಿಮರ್ಶೆಗಳಲ್ಲಿ ಅದು ಹೆಚ್ಚಾಗಿ ಕಥೆ ಹೇಳುವ ಜಾಗ. ಗೆರೆ ಮೇಲೆದ್ದಿದ್ದರೆ ತಕ್ಷಣ ಹಿಗ್ಗಬೇಡಿ. ಇಷ್ಟಪಟ್ಟು ಮತ್ತೆ ನೋಡಿರಬಹುದು, ಪರದೆ ಮೇಲಿನ ಅಕ್ಷರ ಓದುವಷ್ಟರಲ್ಲಿ ಮಾಯವಾಯಿತು ಅಂತ ಹಿಂದೆ ಹೋಗಿರಲೂಬಹುದು. ಆ ಜಾಗವನ್ನು ನೀವೇ ಕೂತು ನೋಡದೆ ತೀರ್ಮಾನಿಸಬೇಡಿ.

ಸ್ಕ್ರಿಪ್ಟಿಗೆ ನನ್ನದು ಒಂದೇ ಹಟ: ಪ್ರತಿ ಅಭಿಪ್ರಾಯಕ್ಕೂ ಒಂದು ದೃಶ್ಯ ತೋರಿಸಿ. "ಛಾಯಾಗ್ರಹಣ ಅದ್ಭುತ" ಅಂದು ಮುಂದಕ್ಕೆ ಹೋದರೆ ನಾನು ಆ ಸಾಲನ್ನೇ ಕತ್ತರಿಸುತ್ತೇನೆ. ಉದ್ದದ ವಿಚಾರಕ್ಕೆ ಒಂದು ಹಳೇ ಪಾಠವಿದೆ. 2006ರಿಂದ 2010ರವರೆಗೆ ಯೂಟ್ಯೂಬಿನಲ್ಲಿ ಸಾಮಾನ್ಯ ಖಾತೆಯವರಿಗೆ 10 ನಿಮಿಷದ ಮಿತಿ ಇತ್ತು. ದೊಡ್ಡ ವಿಮರ್ಶೆ ಮಾಡುವವರು ತುಂಡು ಮಾಡಿ ಹಾಕಬೇಕಿತ್ತು, ಮುಂದಿನ ತುಂಡನ್ನು ಒತ್ತುವಷ್ಟು ಕುತೂಹಲವನ್ನು ಪ್ರತಿ ತುಂಡೂ ಉಳಿಸಬೇಕಿತ್ತು. ಮಿತಿ ಹೋಯಿತು. ಆದರೂ ಹತ್ತು ಹತ್ತು ನಿಮಿಷದ ಲೆಕ್ಕದಲ್ಲೇ ಬರೆಯಿರಿ ಅಂತ ನಾನು ಹೇಳುತ್ತೇನೆ.

ವೆಬ್ ಸರಣಿಯ ಲೆಕ್ಕ ಬೇರೆ. ಇಡೀ ಸೀಸನ್ ಒಂದೇ ಸಲಕ್ಕೆ ಚಿತ್ರೀಕರಣವಾಗುವುದರಿಂದ ಕಂತಿನಿಂದ ಕಂತಿಗೆ ತಿದ್ದಿಕೊಳ್ಳಲು ಆಗುವುದಿಲ್ಲ. ಮೊದಲ ದಿನ ನಟರ ಮಾತು ಬಿಗಿ, ತಂಡಕ್ಕೂ ಹೊಂದಾಣಿಕೆ ಕಡಿಮೆ. ಆದ್ದರಿಂದ ಮೊದಲ ಕಂತಿನ ದೃಶ್ಯಗಳನ್ನು ಮೊದಲ ದಿನ ಇಟ್ಟುಕೊಳ್ಳಲೇಬೇಡಿ. ಮೂರನೆಯದೋ ನಾಲ್ಕನೆಯದೋ ಕಂತಿನ ಸಣ್ಣ ದೃಶ್ಯಗಳಿಂದ ಶುರುಮಾಡಿ. ಹೊಸ ವೀಕ್ಷಕ ಅಳೆಯುವುದು ಮೊದಲ ಕಂತನ್ನು. ಅದು ತಂಡ ಪಳಗಿದ ಮೇಲೆ ತೆಗೆದದ್ದಾಗಿರಲಿ.

ಪ್ರಕಟಿಸುವ ಮುಂಚೆ ವಿಷಯ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ತೋರಿಸಿ. ಹೇಗಿದೆ ಅಂತ ಕೇಳಬೇಡಿ, ಕೇಳಿದರೆ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಪಕ್ಕದಲ್ಲಿ ಸುಮ್ಮನೆ ಕೂತು, ಅವರ ಕೈ ಫೋನಿನ ಕಡೆ ಹೋದಾಗೆಲ್ಲ ನಿಮಿಷ, ಸೆಕೆಂಡು ಬರೆದುಕೊಳ್ಳಿ. ಎಡಿಟಿಂಗ್ ಟೇಬಲ್ಲಿಗೆ ನನಗೆ ಬೇಕಾದದ್ದು ಆ ಚೀಟಿ.